ಮಿಕ್ಕ ಹೆಣ್ಣು, ಅಮ್ಮನ ಮುತ್ತು, ಕೋಳಿರಕ್ತದ ಕೂಸು: ಚೀನಾದ ಹೊಸ ಮಾತುಗಳು

ರಾತ್ರಿ ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ನಾಲ್ಕು ತುತ್ತು ಅನ್ನ ಉಳಿಯುತ್ತದೆ. ಚೆಲ್ಲಲು ಮನಸ್ಸು ಬರುವುದಿಲ್ಲ. ಬೆಳಿಗ್ಗೆ ಒಗ್ಗರಣೆ ಹಾಕಿದರಾಯಿತೆಂದು ಮುಚ್ಚಿಡುತ್ತೀರಿ. ನಮ್ಮಲ್ಲಿ ಅದು ತಂಗಳನ್ನ. ಚೀನೀ ಭಾಷೆಯಲ್ಲಿ ಅದಕ್ಕೆ ‘ಶೆಂಗ್ ಫಾನ್’ ಎನ್ನುತ್ತಾರೆ. ಫಾನ್ ಎಂದರೆ ಅನ್ನ, ಶೆಂಗ್ ಎಂದರೆ ಮಿಕ್ಕದ್ದು. ಈಗ ಈ ‘ಶೆಂಗ್’ ಅನ್ನು ಅನ್ನದ ಮುಂದಿನಿಂದ ತೆಗೆದು ಹೆಣ್ಣಿನ ಮುಂದೆ ಇಟ್ಟರೆ ಹೇಗಿರುತ್ತದೆ, ನೀವೇ ಹೇಳಿ! ‘ಶೆಂಗ್ ನ್ಯೂ’. ಮಿಕ್ಕ ಹೆಣ್ಣು. ಚೆನ್ನಾಗಿ ಓದಿ, ಕೈತುಂಬ ಸಂಬಳ ತರುತ್ತಿದ್ದು, ಇಪ್ಪತ್ತೇಳು ದಾಟಿದರೂ ಮದುವೆಯಾಗದ ಹುಡುಗಿಗೆ ಚೀನಾದಲ್ಲಿ ಇಟ್ಟ ಹೆಸರು ಇದು.

ಈ ಮಾತು ನನ್ನ ಕಿವಿಗೆ ಬಿದ್ದದ್ದು ನನ್ನದೇ ತಪ್ಪಿನಿಂದ. ಹೇಳಿಕೊಳ್ಳಲು ನಾಚಿಕೆ, ಆದರೂ ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನಮ್ಮ ಅಕ್ಕನ ಮಗಳು ಡಾಕ್ಟರಿಕೆ ಓದಲೆಂದು 2015ರಲ್ಲಿ ಚೀನಾಕ್ಕೆ ಹೋದವಳು. 2020ರ ಜನವರಿಯಲ್ಲಿ ರಜೆಗೆಂದು ಊರಿಗೆ ಬಂದಳು. ಅಷ್ಟರಲ್ಲಿ ಕೊರೋನಾ ಬಂತು, ಹಿಂದಿರುಗುವ ದಾರಿ ಮುಚ್ಚಿತು. ಉಳಿದ ಪಾಠವನ್ನೆಲ್ಲ ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ಮೊಬೈಲು ಹಿಡಿದೇ ಮುಗಿಸಿದಳು. ಇಲ್ಲಿನ ಪರೀಕ್ಷೆಯನ್ನೂ ಪಾಸು ಮಾಡಿ ಈಗ ನಮ್ಮೂರಿನಲ್ಲೇ ಡಾಕ್ಟರಾಗಿದ್ದಾಳೆ. ವಯಸ್ಸು ಇಪ್ಪತ್ತೆಂಟು. ಶ್ರಾವಣದಲ್ಲಿ ನೆಂಟರ ಮನೆಗೆ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ಎಲೆ ಹಾಕುವ ಹೊತ್ತು, ಸುತ್ತ ಹತ್ತು ಜನ. ನಾನು ಅವಳ ಗಲ್ಲ ಹಿಡಿದು, “ಎಲ್ಲರದೂ ಆಯ್ತಲ್ಲೇ, ನೀನೊಬ್ಬಳೇ ನೋಡು ಮಿಕ್ಕಿರೋದು” ಅಂದುಬಿಟ್ಟೆ. ಪ್ರೀತಿಯಿಂದಲೇ ಅಂದದ್ದು, ದೇವರಾಣೆ. ಅವಳು ನಕ್ಕಳು. ಆದರೆ ಊಟಕ್ಕೆ ಕೂರಲಿಲ್ಲ. ಡ್ಯೂಟಿ ಇದೆ ಎಂದು ಹೊರಟೇಹೋದಳು.

ಸಂಜೆ ತಾನಾಗಿಯೇ ಮನೆಗೆ ಬಂದಳು. “ಚಿಕ್ಕಿ, ಬೆಳಿಗ್ಗೆ ನೀನಂದ ಮಾತಿಗೆ ಚೀನಾದಲ್ಲಿ ಒಂದು ಹೆಸರೇ ಇದೆ, ಗೊತ್ತಾ?” ಎಂದು ಶುರು ಮಾಡಿದವಳು ರಾತ್ರಿ ಹತ್ತಾದರೂ ಮುಗಿಸಲಿಲ್ಲ. ಅಲ್ಲಿಂದೀಚೆಗೆ ನನಗೂ ಹುಚ್ಚು ಹಿಡಿಯಿತು. ಅವಳನ್ನು ಕೇಳಿ, ಅವಳು ಕೊಟ್ಟದ್ದನ್ನು ಓದಿ ತಿಳಿದುಕೊಂಡದ್ದನ್ನು ನಿಮ್ಮೆದುರು ಇಡುತ್ತಿದ್ದೇನೆ. ಅಲ್ಲಿನ ಹುಡುಗ ಹುಡುಗಿಯರು ಮೊಬೈಲಿನಲ್ಲಿ ದಿನಕ್ಕೊಂದು ಮಾತು ಹುಟ್ಟಿಸುತ್ತಾರಂತೆ. ಅದರಲ್ಲಿ ಮುಕ್ಕಾಲುಪಾಲು ಮದುವೆ, ಅತ್ತೆ, ಗಂಡ, ಮಕ್ಕಳು, ನೆಂಟರು. ನಮ್ಮ ನಿಮ್ಮ ವಿಷಯವೇ ಅನ್ನಿ!

ಹೆಸರಿಟ್ಟವರು ಯಾರು?

ಬೀದಿಯ ಪುಂಡ ಹುಡುಗರು ಹುಟ್ಟಿಸಿದ ಮಾತಿರಬೇಕು ಎಂದು ನಾನೂ ಅಂದುಕೊಂಡಿದ್ದೆ. ಅಲ್ಲಿನ ಪತ್ರಿಕೆಗಳಲ್ಲಿ ಮೊದಲಿನಿಂದ ಅಲ್ಲಲ್ಲಿ ಓಡಾಡುತ್ತಿದ್ದ ಮಾತೇನೋ ಹೌದು. ಆದರೆ ಅದಕ್ಕೆ ಮೊಹರು ಒತ್ತಿದವರು ಯಾರು ಗೊತ್ತೆ? 2007ರಲ್ಲಿ ಚೀನಾದ ಶಿಕ್ಷಣ ಸಚಿವಾಲಯ 171 ಹೊಸ ಪದಗಳ ಪಟ್ಟಿಯೊಂದನ್ನು ಹೊರಡಿಸಿತು. ‘ಶೆಂಗ್ ನ್ಯೂ’ ಅದರಲ್ಲಿ ಸೇರಿತ್ತು. ಇಪ್ಪತ್ತೇಳು ದಾಟಿದ ಅವಿವಾಹಿತೆ ಎಂದು ವಯಸ್ಸಿನ ಗೆರೆ ಎಳೆದದ್ದು ಅಖಿಲ ಚೀನಾ ಮಹಿಳಾ ಒಕ್ಕೂಟ. ಹೆಂಗಸರ ಹಿತ ಕಾಯಲೆಂದೇ 1949ರಲ್ಲಿ ಹುಟ್ಟಿದ ಸರಕಾರಿ ಸಂಸ್ಥೆ ಅದು! 2011ರಲ್ಲಿ, ಮಹಿಳಾ ದಿನಾಚರಣೆ ಮುಗಿದ ಬೆನ್ನಿಗೇ, ಆ ಒಕ್ಕೂಟ ಒಂದು ಲೇಖನ ಪ್ರಕಟಿಸಿತು. ಅಂದವಾದ ಹುಡುಗಿಗೆ ಹೆಚ್ಚು ಓದು ಬೇಡ, ಒಳ್ಳೆ ಮನೆ ಸಿಗುತ್ತದೆ, ಸಾಧಾರಣ ರೂಪಿನವಳು ಓದಿನಿಂದ ಬೆಲೆ ಹೆಚ್ಚಿಸಿಕೊಳ್ಳಲು ಹೋಗುತ್ತಾಳೆ, ಆದರೆ ಎಂ.ಎ., ಪಿಎಚ್.ಡಿ. ಮುಗಿಸುವ ಹೊತ್ತಿಗೆ ಹಳದಿಗಟ್ಟಿದ ಮುತ್ತಾಗಿಬಿಟ್ಟಿರುತ್ತಾಳೆ ಎಂಬುದು ಅದರ ಸಾರಾಂಶ. ಹೆಂಗಸರ ಸಂಘವೇ ಹೀಗೆಂದರೆ, ಬೇರೆಯವರನ್ನು ಏನೆನ್ನೋಣ? (ಸತ್ಯನಾರಾಯಣ ಪೂಜೆಯಲ್ಲಿ ನಾನು ಮಾಡಿದ್ದೂ ಅದನ್ನೇ ಎಂದು ನೀವು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದರೆ, ಒಪ್ಪಿದೆ.)

ಮಾತು ತಾನೇ, ಗಾಳಿಗೆ ಹೋಗುತ್ತದೆ ಬಿಡಿ ಅನ್ನಬಹುದು. ಅಷ್ಟು ಸುಲಭವಲ್ಲ. ಲೆಟಾ ಹಾಂಗ್ ಫಿಂಚರ್ ಎಂಬ ಅಮೆರಿಕದ ಲೇಖಕಿ ಚೀನಾದಲ್ಲಿದ್ದು ಇದನ್ನೇ ಅಭ್ಯಾಸ ಮಾಡಿ 2014ರಲ್ಲಿ ಒಂದು ಪುಸ್ತಕ ಬರೆದರು. ‘ಮಿಕ್ಕವಳು’ ಎಂಬ ಭಯ ಹುಡುಗಿಯರ ಕೈಯಿಂದ ದುಡ್ಡು ಜಾರಿಸುತ್ತಿದೆ ಎಂಬುದನ್ನು ಅವರು ತೋರಿಸಿಕೊಟ್ಟರು. ಹೇಗೆ ಅಂತೀರಾ? ಅಲ್ಲಿ ಮದುವೆಗೆ ಮುಂಚೆ ಮನೆ ಆಗಬೇಕು. ಬೆಲೆ ಆಕಾಶದಲ್ಲಿ. ಹುಡುಗಿಯೂ ತನ್ನ ಉಳಿತಾಯವನ್ನು ಅದಕ್ಕೆ ಸುರಿಯುತ್ತಾಳೆ, ಆದರೆ ಪತ್ರ ಆಗುವುದು ಅನೇಕ ವೇಳೆ ಗಂಡನೊಬ್ಬನ ಹೆಸರಿಗೆ. ನನ್ನ ಹೆಸರೂ ಇರಲಿ ಎಂದು ಗಟ್ಟಿಯಾಗಿ ಕೇಳಿದರೆ ಸಂಬಂಧ ಮುರಿದೀತು, ಈ ವಯಸ್ಸಿನಲ್ಲಿ ಇನ್ನೊಬ್ಬ ಸಿಗಲಿಕ್ಕಿಲ್ಲ ಎಂಬ ಅಳುಕು. 2011ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ವಿವಾಹ ಕಾನೂನನ್ನು ವಿವರಿಸುತ್ತಾ, ವಿಚ್ಛೇದನವಾದರೆ ಮದುವೆಗೆ ಮುಂಚೆ ಯಾರು ಮುಂಗಡ ಕಟ್ಟಿ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದಾರೋ ಮನೆ ಸಾಮಾನ್ಯವಾಗಿ ಅವರ ಪಾಲಿಗೇ ಎಂದಿತು. ಒಂದು ಮಾತಿನ ಅಳುಕಿಗೆ ಎಷ್ಟು ದೊಡ್ಡ ಬೆಲೆ, ನೋಡಿ.

ಇದರಲ್ಲಿ ಇನ್ನೊಂದು ವಿಚಿತ್ರವುಂಟು. ಅಲ್ಲಿ ಹೆಣ್ಣು ಮಿಕ್ಕಿಲ್ಲ, ಕಡಿಮೆ ಬಿದ್ದಿದೆ! 2020ರ ಜನಗಣತಿಯಂತೆ ಚೀನಾದಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು 3 ಕೋಟಿ 49 ಲಕ್ಷ ಹೆಚ್ಚು. ಒಂದೇ ಮಗು ಎಂಬ ಕಟ್ಟಳೆಯಿದ್ದ ಕಾಲದಲ್ಲಿ, ಆ ಒಂದು ಗಂಡೇ ಆಗಲಿ ಎಂದು ಎಷ್ಟೋ ಹೆಣ್ಣುಕೂಸುಗಳನ್ನು ಹುಟ್ಟಲು ಬಿಡಲಿಲ್ಲವಲ್ಲ, ಅದರ ಫಲ. ಹಳ್ಳಿಯ ಬಡ ಗಂಡಸರಿಗೆ ಹೆಣ್ಣು ಸಿಗುತ್ತಿಲ್ಲ. ಅವರಿಗೂ ಹಳೆಯ ಹೆಸರೊಂದಿದೆ: ‘ಗ್ವಾಂಗ್ ಗುನ್’, ಎಲೆಯಿಲ್ಲದ ಬೋಳು ಕೋಲು. ಅಂತೂ ಹಳ್ಳಿಯಲ್ಲಿ ಬೋಳು ಕೋಲು, ಪಟ್ಟಣದಲ್ಲಿ ತಂಗಳನ್ನ.

ಗೆದ್ದ ಹೆಣ್ಣು

ಹುಡುಗಿಯರು ಸುಮ್ಮನಿದ್ದರೇ? ಇಲ್ಲವೇ ಇಲ್ಲ. ಚೀನೀ ಭಾಷೆಯ ಒಂದು ಗುಣವನ್ನು ಇಲ್ಲಿ ತಿಳಿದಿರಬೇಕು. ಅದರಲ್ಲಿ ಉಚ್ಚಾರಗಳು ಕಡಿಮೆ, ಪದಗಳು ಹೆಚ್ಚು. ಒಂದೇ ಉಚ್ಚಾರಕ್ಕೆ ಹತ್ತಾರು ಅರ್ಥ. ಬರೆಯುವ ಚಿಹ್ನೆ ಮಾತ್ರ ಬೇರೆ ಬೇರೆ. ‘ಶೆಂಗ್’ ಎಂದರೆ ಮಿಕ್ಕದ್ದು ನಿಜ, ಆದರೆ ಅದೇ ರಾಗದಲ್ಲಿ ಅದೇ ‘ಶೆಂಗ್’ ಎಂದರೆ ಗೆಲುವು ಎಂಬ ಅರ್ಥವೂ ಇದೆ. ಹುಡುಗಿಯರು ಚಿಹ್ನೆಯೊಂದನ್ನು ಬದಲಿಸಿ ಬರೆಯತೊಡಗಿದರು. ಕಿವಿಗೆ ಅದೇ ಶೆಂಗ್ ನ್ಯೂ. ಕಣ್ಣಿಗೆ ಗೆದ್ದ ಹೆಣ್ಣು!

ಗೇಲಿ ಮಾಡುವವರೂ ಇದೇ ಆಟ ಆಡಿದರು. ವಯಸ್ಸಿಗೊಂದು ಮೆಟ್ಟಿಲು ಕಟ್ಟಿ ಹೆಸರಿಟ್ಟರು. ಇಪ್ಪತ್ತೈದರಿಂದ ಇಪ್ಪತ್ತೇಳರವರೆಗೆ ‘ಮಿಕ್ಕ ಯೋಧೆ’. ಇಪ್ಪತ್ತೆಂಟರಿಂದ ಮೂವತ್ತಕ್ಕೆ ‘ಬಿ ಶೆಂಗ್ ಕ’, ಅಂದರೆ ಮಿಕ್ಕೇ ತೀರುವವಳು. ಪಿಜ್ಜಾ ಹಟ್ ಅಂಗಡಿಗೆ ಚೀನಾದಲ್ಲಿರುವ ಹೆಸರಿನ ಉಚ್ಚಾರವೂ ಅದೇ. ಅಲ್ಲಿ ಅದರ ಅರ್ಥ ಗೆದ್ದೇ ತೀರುವವ ಎಂದು. ಮೂವತ್ತೈದು ದಾಟಿದರೆ ‘ಚಿ ಥ್ಯೆನ್ ದಾ ಶೆಂಗ್’. ಇದು ಸ್ವಾರಸ್ಯ ಕೇಳಿ. ನಮಗೆ ಹನುಮಂತ ಹೇಗೋ ಅವರಿಗೆ ಸುನ್ ವುಕೊಂಗ್ ಎಂಬ ಮಹಾ ವಾನರ. ಆತನ ಬಿರುದು ‘ಆಕಾಶಕ್ಕೆ ಸಮನಾದ ಮಹಾಜ್ಞಾನಿ’. ಜ್ಞಾನಿಯ ‘ಶೆಂಗ್’ ತೆಗೆದು ಮಿಕ್ಕದ್ದರ ‘ಶೆಂಗ್’ ಹಾಕಿದರು. ಗೇಲಿಯೇನೋ ಹೌದು. ಆದರೆ ಬಂಡೆಯಿಂದ ಹುಟ್ಟಿ, ದೇವಲೋಕವನ್ನೇ ನಡುಗಿಸಿದ, ಯಾರಿಗೂ ಬಗ್ಗದ ಆ ವಾನರನ ಹೆಸರನ್ನು ಮೂವತ್ತೈದರ ಅವಿವಾಹಿತೆಗೆ ಇಟ್ಟರೆ ಅವಮಾನ ಯಾರಿಗೆ? ನನಗಂತೂ ನಗು ಬಂತು.

ಇದೇ ಉಚ್ಚಾರದ ಆಟ ಒಮ್ಮೆ ನಗುವಿಗಲ್ಲದೆ ಅಳಲಿಗೂ ಒದಗಿತು. 2018ರಲ್ಲಿ ಅಲ್ಲಿನ ವಿದ್ಯಾರ್ಥಿನಿಯರು ಕಾಲೇಜುಗಳಲ್ಲಿ ಮೇಲಿನವರು ಮೈಮೇಲೆ ಬಿದ್ದ ಸಂಗತಿಗಳನ್ನು ಬಾಯಿಬಿಟ್ಟು ಹೇಳತೊಡಗಿದರು. ಜಗತ್ತಿನ ಬೇರೆಡೆ ಇದಕ್ಕೆ ‘ಮೀ ಟೂ’ ಎಂಬ ಹೆಸರಿತ್ತಲ್ಲ, ಅಲ್ಲಿ ಮೇಲಿನವರು ಆ ಬರಹಗಳನ್ನು ಅಳಿಸಿಹಾಕುತ್ತಿದ್ದರು. ಆಗ ಹುಡುಗಿಯರು ಅನ್ನದ ಬಟ್ಟಲಿನ ಚಿತ್ರ, ಪಕ್ಕದಲ್ಲಿ ಮೊಲದ ಚಿತ್ರ ಹಾಕಿದರು. ಅಕ್ಕಿಗೆ ಚೀನೀ ಭಾಷೆಯಲ್ಲಿ ‘ಮೀ’, ಮೊಲಕ್ಕೆ ‘ಟೂ’. ಓದುವವರಿಗೆ ಓದಿತು.

ಛತ್ರಿಯ ಮೇಲಿನ ಮಗಳು

ಹಿರಿಯರ ಕಷ್ಟವನ್ನೂ ಹೇಳಬೇಕು. ಶಾಂಘೈ ನಗರದ ನಟ್ಟನಡುವೆ ಪೀಪಲ್ಸ್ ಪಾರ್ಕ್ ಎಂಬ ಉದ್ಯಾನವಿದೆ. ಶನಿವಾರ ಭಾನುವಾರ ಅಲ್ಲಿ ಅಪ್ಪ ಅಮ್ಮಂದಿರು ಬಿಚ್ಚಿದ ಛತ್ರಿಗಳನ್ನು ಸಾಲಾಗಿ ನೆಲದ ಮೇಲಿಟ್ಟುಕೊಂಡು ಕೂರುತ್ತಾರೆ. ಛತ್ರಿಯ ಮೇಲೆ ಒಂದು ಕಾಗದ: ಮಗಳ ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯೋ ಇಲ್ಲವೋ. ಎಷ್ಟೋ ಸಲ ಆ ಮಕ್ಕಳಿಗೆ ತಮ್ಮ ಜಾತಕ ಹೀಗೆ ಛತ್ರಿ ಏರಿರುವುದು ಗೊತ್ತೇ ಇರುವುದಿಲ್ಲ. 2016ರಲ್ಲಿ ಒಂದು ಸೌಂದರ್ಯಸಾಧನದ ಕಂಪನಿ ಜಾಹೀರಾತಿಗೆಂದು ಅದೇ ಉದ್ಯಾನದಲ್ಲಿ ಹುಡುಗಿಯರ ದೊಡ್ಡ ದೊಡ್ಡ ಫೋಟೋಗಳನ್ನು ತೂಗಿಹಾಕಿಸಿತು. ಮದುವೆಗಾಗಿ ಮದುವೆಯಾಗಲಾರೆ ಎಂದು ಅವರೇ ತಂದೆತಾಯಿಗೆ ಹೇಳುವ ಚಿತ್ರ ಅದು. ಕ್ರೀಮು ಮಾರುವವರ ಕಣ್ಣೀರು ಎಂದು ತಳ್ಳಿಹಾಕಬಹುದು. ಆದರೂ ಅದರಲ್ಲಿ ಕೂತು ಅತ್ತ ತಾಯಂದಿರನ್ನು ನೋಡಿದರೆ ಯಾರ ಪರ ವಹಿಸುವುದೋ ತಿಳಿಯುವುದಿಲ್ಲ.

ಮದುವೆಗೆ ಒತ್ತಾಯ ಮಾಡುವುದಕ್ಕೇ ಅಲ್ಲಿ ‘ತ್ಸುಯ್ ಹುನ್’ ಎಂಬ ಪದವಿದೆ. ಚೀನೀ ಹೊಸವರ್ಷದ ಹಬ್ಬಕ್ಕೆ ಊರಿಗೆ ಹೋದರೆ ಅತ್ತೆ, ಚಿಕ್ಕಮ್ಮ ಎಲ್ಲರೂ ಸೇರಿ ಇದನ್ನೇ ಶುರುಮಾಡುತ್ತಾರೆ. ಇದಕ್ಕೆ ಹೆದರಿ ನಾಲ್ಕು ದಿನಕ್ಕೆ ಬಾಡಿಗೆಗೆ ‘ಹುಡುಗ’ನನ್ನು ಗೊತ್ತುಮಾಡಿ ಮನೆಗೆ ಕರೆದೊಯ್ದ ಹುಡುಗಿಯರೂ ಇದ್ದಾರೆ. ನಗಬೇಡಿ.

ಗಂಡಿಗೂ ಬಿಟ್ಟಿಲ್ಲ

ಗಂಡಸರಿಗೆ ಇಟ್ಟ ಹೆಸರುಗಳನ್ನು ಕೇಳಿದರೆ ಹೊಟ್ಟೆ ಹಿಡಿದು ನಗುತ್ತೀರಿ. ಹತ್ತು ಹುಡುಗಿಯರನ್ನು ಒಟ್ಟಿಗೆ ಮಾತಿನಲ್ಲಿ ತೇಲಿಸುವವನು ‘ಸಮುದ್ರರಾಜ’. ಅವನು ಮಾಡುವ ಕೆಲಸ ‘ಮೀನು ಸಾಕಣೆ’. ಬೇರೆ ಯಾರೂ ಸಿಗದಿದ್ದರೆ ಇರಲಿ ಎಂದು ಬದಿಗಿಟ್ಟುಕೊಂಡವನು ‘ಸ್ಟೆಪ್ನಿ ಟೈರು’. ಕೈಕೊಟ್ಟವನು ‘ಗಸಿ ಗಂಡಸು’. ಎಣ್ಣೆ ಡಬ್ಬದ ಕೆಳಗೆ ಉಳಿಯುತ್ತದಲ್ಲ, ಆ ಗಸಿ. ಒಂಟಿಯಾಗಿ ಉಳಿದವರು ತಮ್ಮನ್ನೇ ‘ಒಂಟಿ ನಾಯಿ’ ಎಂದು ಕರೆದುಕೊಳ್ಳುತ್ತಾರೆ. ಆದ್ದರಿಂದ ಜೋಡಿಗಳು ಎಲ್ಲರೆದುರು ಸರಸವಾಡಿದರೆ ಅದು ‘ನಾಯಿಗೆ ಅನ್ನ ಎರಚುವುದು’!

ಅಂಕಿಗಳಲ್ಲಿಯೂ ಮಾತಾಡುತ್ತಾರೆ. ಐದು, ಎರಡು, ಸೊನ್ನೆ ಎಂದು ಚೀನೀ ಭಾಷೆಯಲ್ಲಿ ಬೇಗ ಹೇಳಿದರೆ ‘ವು ಅರ್ ಲಿಂಗ್’. ‘ವೊ ಆಯ್ ನಿ’, ಅಂದರೆ ನಿನ್ನನ್ನು ಪ್ರೀತಿಸುತ್ತೇನೆ ಎಂಬ ಮಾತನ್ನು ಹೋಲುತ್ತದೆ. ಹಾಗಾಗಿ ಮೇ 20 ಪ್ರೇಮಿಗಳ ದಿನ. ಅಂದು ಮದುವೆ ನೋಂದಣಿ ಕಚೇರಿಗಳಲ್ಲಿ ಸಾಲು. ನವೆಂಬರ್ 11ರಲ್ಲಿ ನಾಲ್ಕು ಒಂದುಗಳು, ನಾಲ್ಕು ಬೋಳು ಕೋಲುಗಳು. ಅದು ಒಂಟಿಗಳ ದಿನ. 2009ರಿಂದ ಅಲಿಬಾಬಾ ಕಂಪನಿ ಅದನ್ನು ದೊಡ್ಡ ರಿಯಾಯಿತಿ ಮಾರಾಟದ ದಿನವನ್ನಾಗಿ ಮಾಡಿತು. ಒಂಟಿತನಕ್ಕೂ ಬೆಲೆ ಕಟ್ಟಿದರು.

ನಮ್ಮ ಗಮನ ಸೆಳೆಯಬೇಕಾದ ಹೆಸರು ಮಾತ್ರ ‘ಮಾ ಬಾವ್ ನಾನ್’. ಅಮ್ಮನ ಮುತ್ತಿನಂಥ ಗಂಡಸು. ಮೂವತ್ತಾದರೂ ಸಾರಿಗೆ ಉಪ್ಪು ಸಾಕೇ ಎಂದು ಅಮ್ಮನಿಗೆ ಫೋನು ಮಾಡಿ ಕೇಳುವವನು. ಹೆಂಡತಿ ಏನಂದರೂ “ನಮ್ಮಮ್ಮ ಹಾಗನ್ನಲ್ಲ” ಎನ್ನುವವನು. ಒಂದೇ ಮಗುವಿನ ಮನೆಯಲ್ಲಿ ಅಪ್ಪ ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ ಸೇರಿ ಆರು ಜನ ಅಂಗೈಯಲ್ಲಿಟ್ಟು ಬೆಳೆಸಿದರೆ ಇನ್ನೇನಾದಾನು? ಇಂಥವರನ್ನು ತಯಾರಿಸುವವರು ಯಾರು ಎಂದು ನಾನು ಹೇಳಬೇಕಾಗಿಲ್ಲ. ನನಗೂ ಒಬ್ಬ ಮಗನಿದ್ದಾನೆ, ಸ್ನಾನಕ್ಕೆ ಹೋದರೆ ಟವೆಲು ನಾನೇ ಕೊಡಬೇಕು.

‘ಫೀನಿಕ್ಸ್ ಗಂಡಸು’ ಎಂಬುದು ಮಾತ್ರ ನನಗೆ ಸರಿಬರಲಿಲ್ಲ. ಗುಡ್ಡದ ಸಂದಿಯ ಬಡ ಹಳ್ಳಿಯಿಂದ ಓದಿನ ಬಲದಿಂದ ಪಟ್ಟಣಕ್ಕೆ ಹಾರಿಬಂದ ಚಿನ್ನದ ಹಕ್ಕಿ ಅವನು. ಅವನ ಓದಿಗೆ ಮನೆಮಂದಿಯೆಲ್ಲ ಹೊಟ್ಟೆ ಕಟ್ಟಿದ್ದಾರೆ. ನಾಳೆ ತಂಗಿಯ ಮದುವೆ, ತಮ್ಮನ ಫೀಸು ಎಲ್ಲವೂ ಅವನ ಹೆಂಡತಿಯ ಬಾಗಿಲಿಗೇ ಬರುತ್ತದೆ, ಅಂಥವನನ್ನು ಮದುವೆಯಾಗಬೇಡ ಎಂದು ಪಟ್ಟಣದ ಹುಡುಗಿಯರ ಎಚ್ಚರಿಕೆ. ಹೆಂಡತಿಯ ಕಷ್ಟ ಇಲ್ಲವೆನ್ನಲಾರೆ. ಆದರೆ ಹೆತ್ತವರ ಋಣ ತೀರಿಸಹೊರಟವನನ್ನು ಚುಚ್ಚುವ ಮಾತು ‘ಮಿಕ್ಕ ಹೆಣ್ಣಿ’ಗಿಂತ ಯಾವ ರೀತಿಯಲ್ಲಿ ಮೇಲು? ಅಕ್ಕನ ಮಗಳು ಇದನ್ನು ಒಪ್ಪುವುದಿಲ್ಲ.

ಇನ್ನೊಂದು ‘ಬೆತ್ತಲೆ ಮದುವೆ’. ಹೆದರಬೇಡಿ! ಮನೆಯಿಲ್ಲ, ಕಾರಿಲ್ಲ, ಉಂಗುರವಿಲ್ಲ, ಔತಣವಿಲ್ಲ, ಕಚೇರಿಗೆ ಹೋಗಿ ರುಜು ಹಾಕಿ ಬರುವ ಮದುವೆ. 2011ರಲ್ಲಿ ಇದೇ ಹೆಸರಿನ ಟಿ.ವಿ. ಧಾರಾವಾಹಿ ಮನೆಮಾತಾಗಿತ್ತು. ಅಲ್ಲಿ ವರದಕ್ಷಿಣೆಯ ಕಾಟಕ್ಕಿಂತ ತೆರದ ಕಾಟ ಹೆಚ್ಚು. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡಬೇಕು. ಖರ್ಚಿನ ಭಯ, ಕೆಲಸದ ಭಯ, ಎಲ್ಲ ಸೇರಿ 2013ರಲ್ಲಿ 1 ಕೋಟಿ 34 ಲಕ್ಷಕ್ಕೂ ಹೆಚ್ಚು ಮದುವೆಗಳು ನೋಂದಣಿಯಾಗಿದ್ದ ದೇಶದಲ್ಲಿ 2024ರಲ್ಲಿ ಆದದ್ದು 61 ಲಕ್ಷ.

ಗಂಡನಿದ್ದೂ ವಿಧವೆ

ನನ್ನನ್ನು ತಡೆದು ನಿಲ್ಲಿಸಿದ ಮಾತು ಇದು: ‘ಸಾಂಗ್ ಓ ಶ್ರ ಯೂ ಅರ್’. ಸಂಗಾತಿ ಸತ್ತವರು ಮಕ್ಕಳನ್ನು ಸಾಕುವ ರೀತಿ. ಗಂಡ ಬದುಕಿದ್ದಾನೆ, ಆರೋಗ್ಯವಾಗಿದ್ದಾನೆ, ಸೋಫಾದ ಮೇಲೆ ಮೊಬೈಲು ಹಿಡಿದು ಕೂತಿದ್ದಾನೆ. ಆದರೆ ಮಗುವಿಗೆ ಜ್ವರ ಬಂದರೆ ರಾತ್ರಿಯೆಲ್ಲ ಎದ್ದಿರುವವಳು ಅವಳೊಬ್ಬಳೇ. ಶಾಲೆಯ ಸಭೆಗೆ ಹೋಗುವವಳು ಅವಳೊಬ್ಬಳೇ. ಯೂನಿಫಾರಂಗೆ ಗುಂಡಿ ಹಾಕುವುದು, ಲಸಿಕೆಯ ದಿನ ನೆನಪಿಡುವುದು, ಪರೀಕ್ಷೆಗೆ ಓದಿಸುವುದು, ಎಲ್ಲಾ. ಇದನ್ನು ಯಾರೋ ಒಬ್ಬ ತಾಯಿ ಬೇಸತ್ತು ‘ವಿಧವೆಯ ಪಾಲನೆ’ ಎಂದು ಕರೆದಿರಬೇಕು. ಓದಿದ ಲಕ್ಷಾಂತರ ಹೆಂಗಸರು ನಮ್ಮದೂ ಇದೇ ಎಂದರು.

ನಮ್ಮಲ್ಲಿ ಇಂಥ ಮಾತನ್ನು ಬಾಯಲ್ಲಿ ಆಡುವ ಹಾಗೇ ಇಲ್ಲ. ಕುಂಕುಮಕ್ಕೆ ಕುಂದು ಎಂದು ನಾಲಿಗೆ ಕಚ್ಚಿಕೊಳ್ಳುತ್ತೇವೆ. ನನಗೂ ಕೇಳಿದೊಡನೆ ‘ಬಿಡ್ತು ಅನ್ನು’ ಎನ್ನಿಸಿತು. ಆಮೇಲೆ ಕೈ ತೊಳೆಯುತ್ತಾ ಸಿಂಕಿನ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ.

ಇದಕ್ಕೊಂದು ಜೊತೆ ಮಾತೂ ಇದೆ: ‘ಹೆಣ ಎದ್ದು ಕೂತಂಥ ಪಾಲನೆ’. ಆರು ತಿಂಗಳು ಯಾವುದಕ್ಕೂ ಇಲ್ಲದ ತಂದೆ, ಒಂದು ದಿನ ಮಗನ ಅಂಕಪಟ್ಟಿ ಕಣ್ಣಿಗೆ ಬಿದ್ದಾಗ ದಿಗ್ಗನೆ ಎದ್ದು, “ಏನು ಬೆಳೆಸಿದ್ದೀಯೇ ಇವನನ್ನ?” ಎಂದು ಗರ್ಜಿಸಿ, ಮತ್ತೆ ಮಲಗುತ್ತಾನಲ್ಲ, ಅದು. ಇದನ್ನು ಓದಿ ಎಷ್ಟು ಜನ ನಕ್ಕಿರಿ, ಎಷ್ಟು ಜನ ಪಕ್ಕದ ಕೋಣೆಯ ಕಡೆ ನೋಡಿದಿರಿ?

ಮಾತು ಅಷ್ಟಕ್ಕೇ ನಿಲ್ಲಲಿಲ್ಲ. 2022ರ ಜನವರಿ 1ರಿಂದ ಜಾರಿಗೆ ಬಂದ ಕುಟುಂಬ ಶಿಕ್ಷಣದ ಕಾನೂನು ಮಕ್ಕಳ ಪಾಲನೆಯಲ್ಲಿ ತಂದೆ ತಾಯಿ ಇಬ್ಬರೂ ಪಾಲುಗೊಳ್ಳಬೇಕೆಂದು ಬರೆಯಿತು. ಅದಕ್ಕೂ ಒಂದು ವರ್ಷ ಮೊದಲು, 2021ರಲ್ಲಿ, ಹೊಸ ನಾಗರಿಕ ಸಂಹಿತೆ ಜಾರಿಯಾದ ಹೊಸದರಲ್ಲೇ, ಬೀಜಿಂಗಿನ ಒಂದು ನ್ಯಾಯಾಲಯ ವಿಚ್ಛೇದನದ ಮೊಕದ್ದಮೆಯೊಂದರಲ್ಲಿ ಗಂಡನು ಹೆಂಡತಿಗೆ ಐದು ವರ್ಷದ ಮನೆಗೆಲಸಕ್ಕಾಗಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಎಷ್ಟು? 50,000 ಯುವಾನ್. ಆಗಿನ ಲೆಕ್ಕಕ್ಕೆ ನಮ್ಮ ಐದೂವರೆ ಲಕ್ಷ ರೂಪಾಯಿ. ದೇಶವೆಲ್ಲ ಗುಲ್ಲು. ಐದು ವರ್ಷಕ್ಕೆ ಇಷ್ಟೇನಾ, ಆಯಾ ಇಟ್ಟಿದ್ದರೆ ಒಂದು ವರ್ಷಕ್ಕೂ ಸಾಲುತ್ತಿರಲಿಲ್ಲ ಎಂದು ಹೆಂಗಸರು. ಮನೆಗೆಲಸಕ್ಕೂ ದುಡ್ಡೇ ಎಂದು ಹಲವರು. ನೀವಾದರೆ ಎಷ್ಟು ಕೇಳುತ್ತಿದ್ದಿರಿ? ಸುಮ್ಮನೆ ಒಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ನಾನು ಹಾಕಿದೆ, ಹರಿದು ಒಲೆಗೆ ಹಾಕಿದೆ.

ತಾಯಂದಿರ ಮೇಲೂ ಒಂದು ಮಾತಿದೆ, ‘ಜೀ ವಾ’, ಕೋಳಿ ಮಗು. 1960ರ ದಶಕದಲ್ಲಿ ಚೀನಾದಲ್ಲಿ ಹುಂಜದ ರಕ್ತವನ್ನು ಚುಚ್ಚಿಸಿಕೊಂಡರೆ ಶಕ್ತಿ ಬರುತ್ತದೆಂಬ ಹುಚ್ಚು ಹರಡಿತ್ತು. ಅದರಿಂದ ‘ಕೋಳಿರಕ್ತ ಚುಚ್ಚುವುದು’ ಎಂದರೆ ಹುರುಪೇರಿಸುವುದು. ಈಗ ಮಗುವಿಗೆ ಮೂರು ವರ್ಷಕ್ಕೇ ಇಂಗ್ಲಿಷು, ನಾಲ್ಕಕ್ಕೆ ಪಿಯಾನೊ, ಐದಕ್ಕೆ ಗಣಿತದ ಟ್ಯೂಷನ್ನು ಹಾಕಿ ಓಡಿಸುವ ತಾಯಂದಿರು ಮಕ್ಕಳಿಗೆ ಚುಚ್ಚುತ್ತಿರುವುದು ಅದೇ ರಕ್ತ. 2021ರ ಜುಲೈನಲ್ಲಿ ಸರಕಾರವೇ ಶಾಲಾಪಾಠದ ಲಾಭದ ಟ್ಯೂಷನ್ನುಗಳನ್ನು ನಿಲ್ಲಿಸಿತು. ಆಸೆಯನ್ನು ನಿಲ್ಲಿಸಲು ಆದೀತೆ? ಅನೇಕ ಕಡೆ ಟ್ಯೂಷನ್ನು ಗುಟ್ಟಾಗಿ ನಡೆಯಿತು.

ಹೀಗೆ ಓಡಿಸಿಕೊಂಡು ಬೆಳೆದವರೇ ಮುಂದೆ ‘ಥಾಂಗ್ ಫಿಂಗ್’ ಎಂದರು. ಅಂಗಾತ ಮಲಗಿಬಿಡುವುದು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ ದುಡಿದೂ ಒಂದು ಮನೆ ಕೊಳ್ಳಲಾಗದಿದ್ದರೆ ಓಟವೇ ಬೇಡ ಎಂಬ ಹಟ. 2021ರಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿದ ಮಾತು. 2023ರ ಜೂನ್‌ನಲ್ಲಿ ಪಟ್ಟಣಗಳ ಯುವಜನರಲ್ಲಿ ನೂರಕ್ಕೆ 21.3 ಮಂದಿ ನಿರುದ್ಯೋಗಿಗಳೆಂದು ಲೆಕ್ಕ ಬಂತು. ಕೆಲವರು ಊರಿಗೆ ಮರಳಿ, ಅಪ್ಪ ಅಮ್ಮನಿಗೆ ಅಡುಗೆ ಮಾಡಿಕೊಟ್ಟು, ಆಸ್ಪತ್ರೆಗೆ ಕರೆದೊಯ್ದು, ಅವರಿಂದಲೇ ತಿಂಗಳ ಖರ್ಚು ಪಡೆದು ತಮ್ಮನ್ನು ‘ಪೂರ್ಣಾವಧಿ ಮಕ್ಕಳು’ ಎಂದು ಕರೆದುಕೊಂಡರು. ಅದನ್ನೇ ನಾವು ಮೂವತ್ತು ವರ್ಷದಿಂದ ಮಾಡುತ್ತಿದ್ದೇವಲ್ಲ, ನಮಗೆ ಹೆಸರೂ ಇಲ್ಲ, ತಿಂಗಳ ಖರ್ಚೂ ಇಲ್ಲ!

ದೊಡ್ಡಪ್ಪನಿಲ್ಲದ ಮನೆ

ಇಂಗ್ಲಿಷಿನವರಿಗೆ ಎಲ್ಲರೂ ಅಂಕಲ್, ಎಲ್ಲರೂ ಆಂಟಿ. ಚೀನಾದವರು ಹಾಗಲ್ಲ, ನಮ್ಮ ಹಾಗೆ. ಅಪ್ಪನ ಅಣ್ಣ ‘ಬೋಬೋ’, ತಮ್ಮ ‘ಶೂಶೂ’. ಸೋದರತ್ತೆ ‘ಗೂಗೂ’, ಸೋದರಮಾವ ‘ಜಿಯೂಜಿಯೂ’. ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಮರ್ಯಾದೆ. ಆದರೆ 1980ರಿಂದ 2015ರ ಕೊನೆಯವರೆಗೆ ಒಂದೇ ಮಗುವಿನ ಕಟ್ಟಳೆ ಇತ್ತಲ್ಲ. ಹಳ್ಳಿಗಳಲ್ಲಿ ಮೊದಲನೆಯದು ಹೆಣ್ಣಾದರೆ ಇನ್ನೊಂದಕ್ಕೆ ಅನೇಕ ಕಡೆ ಅನುಮತಿ ಕೊಟ್ಟರೂ, ಪಟ್ಟಣಗಳಲ್ಲಿ ಅದು ಬಿಗಿಯಾಗಿತ್ತು. ಒಂಟಿ ಮಗನೂ ಒಂಟಿ ಮಗಳೂ ಮದುವೆಯಾದರೆ ಅವರಿಗೆ ಹುಟ್ಟಿದ ಕೂಸಿಗೆ ದೊಡ್ಡಪ್ಪ ಚಿಕ್ಕಪ್ಪ ಇಲ್ಲ, ಸೋದರಮಾವನಿಲ್ಲ, ಅತ್ತೆಯಿಲ್ಲ. ಪದಗಳು ನಿಘಂಟಿನಲ್ಲಿವೆ, ಕರೆಯಲು ಜನವಿಲ್ಲ. ಇದ್ದ ನೆಂಟರ ಮನೆಗೂ ಹೋಗುವುದನ್ನು ಬಿಟ್ಟ ಎಳೆಯರು ಈಗ ಹೆಚ್ಚುತ್ತಿದ್ದಾರೆ. ಅದಕ್ಕೆ ‘ದ್ವಾನ್ ಚಿನ್’ ಎಂಬ ಮಾತು, ನಂಟು ಕಡಿದುಕೊಳ್ಳುವುದು. ಕಾರಣ ಕೇಳಿದರೆ ಮತ್ತೆ ಅದೇ: ಹೋದರೆ ಸಂಬಳವೆಷ್ಟು, ಮದುವೆ ಯಾವಾಗ ಎಂದು ಕೇಳುತ್ತಾರೆ.

ನೆಂಟರ ಜಾಗಕ್ಕೆ ಈಗ ‘ದಾಜ಼’ ಬಂದಿದೆ. ಶಾಂಘೈ ಕಡೆಯ ಮಾತು. ಮಾಹ್‌ಜಾಂಗ್ ಆಟಕ್ಕೆ ಕೂರುವ ಜೊತೆಗಾರನಿಗೆ ಹಾಗೆನ್ನುತ್ತಿದ್ದರು. 2023ರಲ್ಲಿ ಶಾಂಘೈಯ ಭಾಷಾ ಪತ್ರಿಕೆಯೊಂದು ಆರಿಸಿದ ವರ್ಷದ ಹತ್ತು ಮಾತುಗಳಲ್ಲಿ ಇದೂ ಒಂದು. ಊಟಕ್ಕೊಬ್ಬಳು ದಾಜ಼, ಸಿನಿಮಾಕ್ಕೊಬ್ಬಳು, ಪ್ರವಾಸಕ್ಕೊಬ್ಬಳು. ಜೊತೆಗೆ ಉಣ್ಣುತ್ತಾರೆ, ಬಿಲ್ಲು ಅರ್ಧರ್ಧ ಹಂಚಿಕೊಂಡು ಎದ್ದುಹೋಗುತ್ತಾರೆ. ಮನೆಯ ಸುದ್ದಿ ಕೇಳುವ ಹಾಗಿಲ್ಲ. ನನಗೆ ಮೊದಲು ಇದು ಅತಿ ಒಣಕಲು ಸ್ನೇಹ ಎನ್ನಿಸಿತು. ಹಳೆಯ ಮಾತು ಎಷ್ಟು ಚೆನ್ನಾಗಿತ್ತು: ಒಳಮನೆಯ ಗುಟ್ಟು ಹಂಚಿಕೊಳ್ಳುವ ಗೆಳತಿ, ‘ಗ್ವೇಯ್ ಮೀ’. ಆದರೆ ಅಕ್ಕನ ಮಗಳು ಅಂದಳು, “ಚಿಕ್ಕಿ, ಏನೂ ಕೇಳದೇ ಪಕ್ಕದಲ್ಲಿ ಕೂತು ಊಟ ಮಾಡೋರು ಸಿಕ್ಕಿದ್ರೆ ಎಷ್ಟು ಹಾಯಾಗಿರುತ್ತೆ, ನಿಂಗೊತ್ತಿಲ್ಲ.” ಸತ್ಯನಾರಾಯಣ ಪೂಜೆಯ ಎಲೆಗಳು ನೆನಪಾದವು. ನಾನು ಉತ್ತರ ಕೊಡಲಿಲ್ಲ.

ಕೊನೆಗೆ ನನಗೆ ಬಲು ಇಷ್ಟವಾದ ಎರಡು ಮಾತು ಹೇಳಿಬಿಡುತ್ತೇನೆ. ಪರರ ಮನೆಯ ಜಗಳವನ್ನು ದೂರ ಕೂತು ಸವಿಯುವವರಿಗೆ ‘ಕಲ್ಲಂಗಡಿ ತಿನ್ನುವ ಜನ’ ಎನ್ನುತ್ತಾರೆ; ನಾಟಕ ನೋಡುತ್ತಾ ಕಲ್ಲಂಗಡಿ ಬೀಜ ಸುಲಿಯುತ್ತಾ ಕೂರುವ ರೂಢಿಯಿಂದ ಬಂದದ್ದಂತೆ. ಇನ್ನೊಂದು ‘ಸೋಯಾ ಸಾಸ್ ತರಲು ಬಂದಿದ್ದೆ’. 2008ರಲ್ಲಿ ಟಿ.ವಿ.ಯವರು ದಾರಿಹೋಕನೊಬ್ಬನನ್ನು ನಿಲ್ಲಿಸಿ ಸಿನಿಮಾ ಮಂದಿಯ ಹಗರಣವೊಂದರ ಬಗ್ಗೆ ಅಭಿಪ್ರಾಯ ಕೇಳಿದರು. ಅವನು, ನನಗೇನು ಸಂಬಂಧ, ನಾನು ಸೋಯಾ ಸಾಸ್ ತರಲು ಹೊರಟವನು ಎಂದುಬಿಟ್ಟ. ಅಂದಿನಿಂದ ಅದು ‘ನನ್ನ ಗೊಡವೆಯಲ್ಲ’ ಎನ್ನುವುದಕ್ಕೆ ಗಾದೆಯೇ ಆಯಿತು. ಮೊನ್ನೆ ಮದುವೆಮನೆಯಲ್ಲಿ ಯಾರೋ ನನ್ನನ್ನು, “ನಿಮ್ಮಕ್ಕನ ಮಗಳದು ಇನ್ನೂ ಆಗ್ಲಿಲ್ವೇ?” ಎಂದು ಕೇಳಿದರು. “ನಾನು ಒಗ್ಗರಣೆಗೆ ಕರಿಬೇವು ಕೇಳೋಕೆ ಬಂದೆ ಕಣ್ರೀ” ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಹಿಂದೆ ನಿಂತಿದ್ದ ಅವಳಿಗೆ ಅರ್ಥವಾಯಿತು.

ರಾತ್ರಿ ಮೊಬೈಲಿಗೆ ಅವಳ ಮೆಸೇಜು ಬಂತು: “ಚಿಕ್ಕಿ, ಭಾನುವಾರ ಡ್ಯೂಟಿ ಇಲ್ಲ. ಊಟಕ್ಕೆ ದಾಜ಼ ಬೇಕು. ಕಲ್ಲಂಗಡಿ ಸಿಗದಿದ್ರೆ ಕಡ್ಲೇಕಾಯಿ ಹುರಿದಿಟ್ಟಿರು, ನಮ್ಮ ನರ್ಸಮ್ಮನ ಮನೆ ಸುದ್ದಿ ರಾಶಿ ಇದೆ.”